ಮರಳದಿಣ್ಣೆಯ ಮೇಲೆ ಮೊದಲ ರೆಕ್ಕೆ

ಅಮೆರಿಕದ ನಾರ್ತ್ ಕೆರೊಲಿನಾದ ಕಡಲಂಚಿನ ಊರು ನ್ಯಾಗ್ಸ್ ಹೆಡ್. ಆ ಊರಲ್ಲೇ ಜಾಕೀಸ್ ರಿಜ್ ಎಂಬ ಮರಳದಿಣ್ಣೆಗಳ ಸಾಲು. ದಿಣ್ಣೆಯ ನೆತ್ತಿಯಲ್ಲಿ ಮರವಿಲ್ಲ, ಬಂಡೆಯಿಲ್ಲ. ಗಾಳಿ ಬೀಸಿದಂತೆಲ್ಲ ಅದರ ಮೈ ಬದಲಾಗುತ್ತಲೇ ಇರುತ್ತದೆ. ಇಲ್ಲಿ 1974ರಿಂದ ಕಿಟ್ಟಿ ಹಾಕ್ ಕೈಟ್ಸ್ ಶಾಲೆ ಹ್ಯಾಂಗ್ ಗ್ಲೈಡಿಂಗ್ ಕಲಿಸುತ್ತಿದೆ. ಹೆಲ್ಮೆಟ್ ತೊಟ್ಟ ಹೊಸಬರು ಕಾಲು ಹೂತುಹೋಗುವ ಮರಳಿನಲ್ಲಿ ಏದುಸಿರು ಬಿಡುತ್ತ ದಿಣ್ಣೆ ಹತ್ತುತ್ತಾರೆ. ನೆತ್ತಿಯಲ್ಲಿ ಬಣ್ಣದ ರೆಕ್ಕೆ ಗಾಳಿಗೆ ಮೂತಿಯೊಡ್ಡಿ ಕಾದಿರುತ್ತದೆ.

ಹತ್ತಿರ ಹೋಗಿ ನೋಡಿದರೆ ಕಲಿಕೆಯ ಗ್ಲೈಡರ್ ಬಲು ಸರಳ. ಮೂತಿಯಲ್ಲಿ ಕೂಡಿ ಹಿಂದಕ್ಕೆ ಅಗಲವಾಗುವ ಅಲ್ಯೂಮಿನಿಯಂ ಕೊಳವೆಗಳು, ಅವುಗಳಿಗೆ ಬಿಗಿದ ಒಂದೇ ಪದರದ ಪಾಲಿಯೆಸ್ಟರ್ ಬಟ್ಟೆ, ಅಲುಗದಂತೆ ಹಿಡಿದ ಉಕ್ಕಿನ ತಂತಿಗಳು. ಕೆಳಗೆ ತ್ರಿಕೋನದ ಕಂಟ್ರೋಲ್ ಬಾರ್, ಅದರ ಎರಡೂ ಮೂಲೆಗೆ ಚಕ್ರ. ವಿಲ್ಸ್ ವಿಂಗ್ ಕಂಪನಿಯ ಫಾಲ್ಕನ್ ಈ ವರ್ಗದಲ್ಲಿ ಹೆಸರುವಾಸಿ. ತೂಕ 25 ಕಿಲೋ ಆಸುಪಾಸು. ಸ್ಪರ್ಧೆಯ ಗ್ಲೈಡರುಗಳು ವೇಗಕ್ಕೂ ದೂರಕ್ಕೂ ಹುಟ್ಟಿದವು. ಇದರ ಹೆಚ್ಚುಗಾರಿಕೆಯೇ ನಿಧಾನ. ಗಂಟೆಗೆ 30 ಕಿ.ಮೀ. ಸುಮಾರಿಗೇ ಇದು ಹಾರಬಲ್ಲದು. ಎದುರುಗಾಳಿಯೇ 20 ಕಿ.ಮೀ. ವೇಗದಲ್ಲಿ ಬೀಸುತ್ತಿದ್ದರೆ, ಓಡಿ ತುಂಬಿಸಬೇಕಾದದ್ದು ಉಳಿದ ಹತ್ತು ಮಾತ್ರ.

ಹಾರುವ ಮುನ್ನ ಒಂದು ಕೆಲಸವನ್ನು ಯಾರೂ ತಪ್ಪಿಸುವಂತಿಲ್ಲ. ಮೈಗೆ ಬಿಗಿದ ಹಾರ್ನೆಸ್ಸಿನ ಕೊಕ್ಕೆಯನ್ನು ಗ್ಲೈಡರಿನ ಪಟ್ಟಿಗೆ ಸಿಕ್ಕಿಸಿಕೊಂಡು ಕಲಿಯುವಾಕೆ ಬೋರಲಾಗಿ ತೂಗಿ ತೋರಿಸುತ್ತಾಳೆ. ಶಿಕ್ಷಕ ಬಗ್ಗಿ, ಕೊಕ್ಕೆಯ ಬಾಯಿ ಮುಚ್ಚಿದೆಯೇ, ಪಟ್ಟಿ ತಿರುಚಿಕೊಂಡಿದೆಯೇ, ಎದೆಗೂ ಬಾರ್‌ಗೂ ನಡುವೆ ಜಾಗ ಸರಿಯಾಗಿದೆಯೇ ಎಂದು ಕೈಯಿಟ್ಟೇ ನೋಡುತ್ತಾನೆ. ಕೊಕ್ಕೆ ಸಿಕ್ಕಿಸಲು ಮರೆತು ಪ್ರಾಣ ಕಳೆದುಕೊಂಡವರಲ್ಲಿ ನುರಿತವರೂ ಇದ್ದಾರೆ.

‘ಕ್ಲಿಯರ್!’ ಎಂದು ಕೂಗಿ ಆಕೆ ಹೊರಡುತ್ತಾಳೆ. ಮೊದಲು ನಡಿಗೆ, ಆಮೇಲೆ ದಾಪುಗಾಲು, ಆಮೇಲೆ ಓಟ. ಬಟ್ಟೆ ಉಬ್ಬುತ್ತದೆ, ಹೆಗಲ ಮೇಲಿನ ಭಾರ ಇಳಿಯುತ್ತದೆ, ಪಟ್ಟಿಗಳು ಬಿಗಿಯುತ್ತವೆ. ಇನ್ನೂ ಓಡುತ್ತಿರುವ ಕಾಲಿಗೆ ಮರಳು ಸಿಗುವುದಿಲ್ಲ! ಬಾರನ್ನು ತನ್ನತ್ತ ಎಳೆದುಕೊಂಡರೆ ವೇಗ, ದೂಡಿದರೆ ನಿಧಾನ. ಮೈಯನ್ನು ಎಡಕ್ಕೆ ಸರಿಸಿದರೆ ರೆಕ್ಕೆಯೂ ಎಡಕ್ಕೆ. ಹೆದರಿ ಬಾರನ್ನು ಅತಿಯಾಗಿ ದೂಡಿದರೂ ಈ ರೆಕ್ಕೆ ಮುನಿಯುವುದಿಲ್ಲ. ಮೆಲ್ಲಗೆ ಮೂತಿ ಬಗ್ಗಿಸಿ ಮತ್ತೆ ವೇಗ ಹಿಡಿಯುತ್ತದೆ. ನೆಲ ಬಂದಾಗ ಕಾಲೂರಿ ನಿಂತರೆ ಸರಿ, ಎಡವಿದರೆ ಚಕ್ರಗಳಿವೆ, ಅವುಗಳಡಿಗೆ ಮರಳಿದೆ. ಕೆಲವೇ ಕ್ಷಣಗಳ ಹಾರಾಟ. ಎದ್ದವಳ ಮುಖದ ತುಂಬ ಮರಳು, ನಗು.

ಈ ರೆಕ್ಕೆಯ ಹುಟ್ಟೂ ಸರಳವೇ. 1948ರಲ್ಲಿ ಫ್ರಾನ್ಸಿಸ್ ರೊಗಾಲೊ ಮತ್ತು ಗರ್ಟ್ರೂಡ್ ದಂಪತಿ ಅಡುಗೆಮನೆಯ ಪರದೆಯ ಬಟ್ಟೆಯಿಂದ ಇಂಥ ರೆಕ್ಕೆಯ ಮಾದರಿ ಹೊಲಿದರು. 1963ರಲ್ಲಿ ಆಸ್ಟ್ರೇಲಿಯಾದ ಜಾನ್ ಡಿಕನ್ಸನ್ ಅದಕ್ಕೆ ತ್ರಿಕೋನದ ಬಾರ್ ಜೋಡಿಸಿ, ಮೈಯ ಭಾರದಿಂದಲೇ ನಡೆಸುವ ಗ್ಲೈಡರ್ ಮಾಡಿದರು. ನಿವೃತ್ತಿಯ ನಂತರ ರೊಗಾಲೊ ಈ ಕಡಲತೀರದಲ್ಲೇ ನೆಲೆಸಿ, ಇದೇ ದಿಣ್ಣೆಗಳಲ್ಲಿ ಹಾರಿದರು. ಇಲ್ಲಿಂದ ತುಸು ಉತ್ತರಕ್ಕೆ ಹೋದರೆ ಕಿಲ್ ಡೆವಿಲ್ ಹಿಲ್ಸ್. 1903ರ ಡಿಸೆಂಬರ್ 17ರಂದು ವಿಮಾನ ಹಾರಿಸುವ ಮೊದಲು ರೈಟ್ ಸಹೋದರರು ಅಲ್ಲಿನ ಮರಳಿನ ಮೇಲೆ ಎಂಜಿನ್ನಿಲ್ಲದ ಗ್ಲೈಡರಿನಲ್ಲೇ ಕೈ ಪಳಗಿಸಿಕೊಂಡಿದ್ದರು.

ಇದೇ ರಾಜ್ಯದ ರಾಲಿ ನಗರದ ಸುತ್ತಮುತ್ತಲಿನ ಕನ್ನಡಿಗರಿಗೆ ಜಾಕೀಸ್ ರಿಜ್ ಕಾರಿನಲ್ಲಿ ಮೂರು-ನಾಲ್ಕು ಗಂಟೆಯ ದಾರಿ. ಹಾರುವ ಆಸೆಯಿದ್ದವರು ಒಮ್ಮೆ ಹೋಗಿ ಬನ್ನಿ. ಎಲ್ಲಿ ಕಲಿತರೂ ಸರಿ, ನುರಿತ ಶಿಕ್ಷಕರ ಕೈಕೆಳಗೆ, ಇಂಥ ನಿಧಾನದ ರೆಕ್ಕೆಯಿಂದಲೇ ಶುರುಮಾಡಿ.