ದಿಕ್ಸೂಚಕ ದೀಪ ಮತ್ತು ಅದರ ಮರಳುದಾರಿ

ಎಡಕ್ಕಾಗಲಿ ಬಲಕ್ಕಾಗಲಿ ತಿರುಗಲಿರುವ ವಾಹನವು ತನ್ನ ಇಂಗಿತವನ್ನು ಮುಂದಣವರಿಗೂ ಹಿಂದಣವರಿಗೂ ಮುಂಚಿತವಾಗಿಯೇ ತಿಳಿಯಪಡಿಸಬೇಕೆಂಬ ನಿಯಮವು ಇಂದು ನಮಗೆ ತೀರ ಸಹಜವೆಂದು ತೋರಿದರೂ, ಅದನ್ನು ಸಾಧಿಸುವ ಉಪಾಯವು ಈಗಿನ ರೂಪಕ್ಕೆ ಬರುವುದಕ್ಕೆ ಬಹುಕಾಲ ಹಿಡಿಯಿತು. ಅಮೆರಿಕದ ಬ್ಯೂಕ್ ಕಾರುಗಳಲ್ಲಿ ಮಿನುಗುವ ದೀಪಗಳು 1939ರಲ್ಲಿಯೇ ಕಾಣಿಸಿಕೊಂಡುವಾದರೂ, ಇಂಗ್ಲೆಂಡಿನ ಮಾರಿಸ್ ಮೈನರ್ ಕಾರು 1961ರವರೆಗೂ ಬಾಗಿಲಕಂಬದ ಸೀಳಿನಿಂದ ಹೊರಚಾಚುವ, ಒಳಗೊಂದು ದೀಪವುಳ್ಳ ಪುಟ್ಟ ತೋಳನ್ನೇ ನೆಚ್ಚಿಕೊಂಡಿತ್ತು. ಅದೇ ಮಾರಿಸ್ ಮನೆತನದ ಆಕ್ಸ್‌ಫರ್ಡ್ ಕಾರು ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್‌ನವರ ಕೈಯಲ್ಲಿ ಅಂಬಾಸಿಡರ್ ಎಂಬ ಹೆಸರನ್ನು ತಳೆದು, 2014ರವರೆಗೆ ತಯಾರಾಗುತ್ತ, ನಮ್ಮ ಟ್ಯಾಕ್ಸಿ ನಿಲ್ದಾಣಗಳಲ್ಲಿಯೂ ಸರಕಾರಿ ಕಚೇರಿಗಳ ಅಂಗಳದಲ್ಲಿಯೂ ಎರಡು ತಲೆಮಾರುಗಳ ಕಾಲ ನಿಂತಿತ್ತೆಂಬುದನ್ನು ಬಲ್ಲ ಓದುಗರಿಗೆ, ಈ ಹಳೆಯ ಬ್ರಿಟಿಷ್ ಕಾರುಗಳ ವಿದ್ಯುದ್ವ್ಯವಸ್ಥೆಯ ವಿಚಾರ ಪರಕೀಯವೆನಿಸಲಾರದು.

ಇಂಥ ಕಾರನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರಿಗೆ ಪದೇ ಪದೇ ಎದುರಾಗುವ ತೊಂದರೆಯೆಂದರೆ ಇಂಡಿಕೇಟರಿನದು. ಒಂದು ಪಕ್ಕದ ದೀಪ ಮಿನುಗುವುದಿಲ್ಲ; ಅಥವಾ ಬೆಳಗಿದ್ದು ಆರುವುದೇ ಇಲ್ಲ; ಅಥವಾ ಎಡಕ್ಕೆ ಸನ್ನೆ ಮಾಡಿದರೆ ಸಂಬಂಧವೇ ಇಲ್ಲದ ಇನ್ನಾವುದೋ ದೀಪ ಮಂಕಾಗಿ ಬೆಳಗುತ್ತದೆ. ಆಗ ಎಲ್ಲರೂ ಮೊದಲು ಕಿತ್ತು ಬಿಸಾಡುವುದು ಫ್ಲ್ಯಾಷರ್ ಎಂಬ ಪುಟ್ಟ ಡಬ್ಬಿಯನ್ನು. ಹೊಸದನ್ನು ಹಾಕಿದರೂ ದೋಷ ಹಾಗೆಯೇ ಉಳಿಯುವುದುಂಟು; ಏಕೆಂದರೆ ಹಳೆಯ ಕಾರುಗಳಲ್ಲಿ ಅಪರಾಧಿಯು ಬಹುಮಟ್ಟಿಗೆ ಆ ಡಬ್ಬಿಯಲ್ಲ, ವಿದ್ಯುತ್ತು ಬ್ಯಾಟರಿಗೆ ಮರಳಬೇಕಾದ ದಾರಿ.

ಆ ಡಬ್ಬಿಯೊಳಗಣ ಯುಕ್ತಿ ನಿಜಕ್ಕೂ ಪ್ರಶಂಸನೀಯವಾದುದು. ಲ್ಯೂಕಸ್ ಕಂಪನಿಯ ಎಫ್‌ಎಲ್5 ಎಂಬ ಮಾದರಿಯಲ್ಲಿ ಬಿಗಿಯಾಗಿ ಎಳೆದು ಕಟ್ಟಿದ ಒಂದು ಸೂಕ್ಷ್ಮ ತಂತಿಯು ಸಂಪರ್ಕದ ತುಂಡೊಂದನ್ನು ಅದರ ಜೊತೆಗಾರನಿಂದ ಅಗಲಿಸಿ ಹಿಡಿದಿರುತ್ತದೆ. ಚಾಲಕನು ಸ್ವಿಚ್ಚನ್ನು ತಿರುಗಿಸಿದೊಡನೆ ಆ ತಂತಿಯ ಮೂಲಕವೂ ಅದಕ್ಕೆ ಜೋಡಿಸಿದ ನಿರೋಧಕದ ಮೂಲಕವೂ ದೀಪಗಳನ್ನು ಬೆಳಗಿಸಲಾರದಷ್ಟು ಅಲ್ಪವಾದ ಪ್ರವಾಹವು ಹರಿಯುತ್ತದೆ. ತಂತಿ ಕಾಯುತ್ತದೆ, ಕಾದು ಹಿಗ್ಗುತ್ತದೆ, ಹಿಗ್ಗಿ ಸಡಿಲಗೊಂಡೊಡನೆ ಸಂಪರ್ಕವು ಕೂಡಿಕೊಂಡು, ಪೂರ್ಣ ಪ್ರವಾಹವು ತಂತಿಯನ್ನು ಬಿಟ್ಟು ನೇರವಾಗಿ ದೀಪಗಳಿಗೆ ನುಗ್ಗುತ್ತದೆ. ತನ್ನ ಪಾಲಿನ ಪ್ರವಾಹ ತಪ್ಪಿದ ತಂತಿಯು ತಣಿದು ಕುಗ್ಗಿ ಸಂಪರ್ಕವನ್ನು ಮತ್ತೆ ಬಿಡಿಸುತ್ತದೆ. ನಿಮಿಷಕ್ಕೆ 60ರಿಂದ 120 ಬಾರಿ ಈ ಕ್ರಿಯೆ ನಡೆಯುತ್ತಿರುವಾಗ ಕೇಳಿಬರುವ ಟಿಕ್ ಟಿಕ್ ಸದ್ದು ಹೀಗೆ ಕೂಡಿ ಅಗಲುವ ಲೋಹದ ಸದ್ದೇ. ದೀಪಗಳ ಪೂರ್ಣ ಪ್ರವಾಹವು ಕಬ್ಬಿಣದ ತಿರುಳಿಗೆ ಸುತ್ತಿದ ಸುರುಳಿಯ ಮೂಲಕ ಹಾಯುವುದರಿಂದ ಉಂಟಾದ ಕಾಂತಶಕ್ತಿಯು ಮತ್ತೊಂದು ಸಣ್ಣ ತೋಳನ್ನು ಸೆಳೆದು ಚಾಲಕನೆದುರಿನ ಸೂಚನಾದೀಪವನ್ನು ಬೆಳಗಿಸುತ್ತದೆ. 21 ವಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ ಒಟ್ಟಿಗೆ ಸುಮಾರು 3.5 ಆಂಪಿಯರ್ ಎಳೆಯುತ್ತವೆ; ಒಂದು ಬಲ್ಬು ಸುಟ್ಟುಹೋದರೆ ಪ್ರವಾಹ ಅರ್ಧಕ್ಕಿಳಿದು, ಕಾಂತಶಕ್ತಿ ಸಾಲದಾಗಿ, ಸೂಚನಾದೀಪ ಮೌನವಾಗುತ್ತದೆ. ಅರ್ಧ ಶತಮಾನಕ್ಕೂ ಹಿಂದಿನ ಯಂತ್ರವೊಂದು ತನ್ನ ರೋಗವನ್ನು ತಾನೇ ವರದಿ ಮಾಡಲು ಶಕ್ತವಾಗಿತ್ತೆಂಬುದು ನನಗೆ ಇಂದಿಗೂ ಆನಂದವನ್ನುಂಟುಮಾಡುವ ಸಂಗತಿ.

ದೋಷವನ್ನು ಹುಡುಕಹೊರಟವನು ಪ್ರವಾಹ ನಡೆಯುವ ಕ್ರಮದಲ್ಲಿಯೇ ನಡೆಯತಕ್ಕದ್ದು. ಬ್ರಿಟಿಷ್ ಕಾರುಗಳಲ್ಲಿ ತಂತಿಗಳ ಬಣ್ಣಗಳು ಈ ನಡಿಗೆಗೆ ದಾರಿದೀಪ: ಇಗ್ನಿಷನ್ ಕೀಲಿ ತಿರುಗಿಸಿದ ಮೇಲೆ ಫ್ಯೂಸಿನ ಮೂಲಕ ಬರುವ ತಂತಿ ಹಸಿರು, ಫ್ಲ್ಯಾಷರಿನಿಂದ ಸ್ವಿಚ್ಚಿಗೆ ಹೋಗುವುದು ಕಂದು ಗೆರೆಯ ತಿಳಿಹಸಿರು, ಎಡದ ದೀಪಗಳಿಗೆ ಕೆಂಪು ಗೆರೆಯ ಹಸಿರು, ಬಲದವಕ್ಕೆ ಬಿಳಿಗೆರೆಯ ಹಸಿರು, ಭೂಸಂಪರ್ಕದ್ದು ಕಪ್ಪು. ಅದೇ ಹಸಿರು ತಂತಿಯ ಫ್ಯೂಸಿನಿಂದಲೇ ಬ್ರೇಕಿನ ದೀಪವೂ ಪೆಟ್ರೋಲಿನ ಮಾಪಕವೂ ನಡೆಯುವುದರಿಂದ, ಅವೂ ಸತ್ತಿದ್ದರೆ ಫ್ಯೂಸನ್ನು ನೋಡಬೇಕು. ಅವು ಜೀವಂತವಾಗಿದ್ದರೆ ಫ್ಯೂಸಿನ ಮಾತನ್ನು ಅಲ್ಲಿಗೇ ಬಿಡಬಹುದು. ಎಡಬಲಗಳೆರಡೂ ಸ್ತಬ್ಧವಾಗಿದ್ದರೆ ಫ್ಲ್ಯಾಷರಿನ ಬಿ ಮತ್ತು ಎಲ್ ಎಂಬ ಎರಡು ಕೊನೆಗಳನ್ನು ತುಂಡು ತಂತಿಯಿಂದ ಕೂಡಿಸಿ ಸ್ವಿಚ್ಚನ್ನು ತಿರುಗಿಸಿದಾಗ ದೀಪಗಳು ಮಿನುಗದೆ ಸ್ಥಿರವಾಗಿ ಬೆಳಗಿದರೆ ಡಬ್ಬಿ ಕೆಟ್ಟಿದೆಯೆಂದು ಅರ್ಥ. ಆಗಲೂ ಬೆಳಗದಿದ್ದರೆ ಡಬ್ಬಿಯ ಮೇಲೆ ಅಪವಾದ ಹೊರಿಸುವುದು ಅನ್ಯಾಯ. ಒಂದೇ ಪಕ್ಕ ಕೆಟ್ಟು ಇನ್ನೊಂದು ಪಕ್ಕ ಸರಿಯಾಗಿ ಮಿನುಗುತ್ತಿದ್ದಲ್ಲಿಯಂತೂ ಡಬ್ಬಿ ನಿರ್ದೋಷಿಯೆಂಬುದು ಪರೀಕ್ಷೆಯಿಲ್ಲದೆಯೇ ಸಿದ್ಧವಾಗುತ್ತದೆ, ಏಕೆಂದರೆ ಎರಡೂ ಪಕ್ಕಗಳಿಗೆ ಇರುವುದು ಅದೊಂದೇ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಕಾರಿನಲ್ಲಿ ದೀಪಕ್ಕೆ ಹೋಗುವ ತಂತಿ ಉಂಟು, ಬರುವ ತಂತಿ ಅನೇಕ ಕಡೆ ಇಲ್ಲ. ಕಾರಿನ ಉಕ್ಕಿನ ಮೈಯೇ ಮರಳುದಾರಿ. ದೀಪದ ಗೂಡನ್ನು ಮಡ್‌ಗಾರ್ಡಿಗೆ ಬಿಗಿದ ಸ್ಕ್ರೂ, ಅದರಡಿಯ ಬಣ್ಣ, ಐವತ್ತು ಮಳೆಗಾಲಗಳ ತುಕ್ಕು, ಇವೆಲ್ಲವೂ ವಿದ್ಯುನ್ಮಾರ್ಗದ ಅಂಗಗಳೇ. ಒಂದೇ ಗೂಡಿನಲ್ಲಿ ಇಂಡಿಕೇಟರಿನ ಬಲ್ಬೂ ಕೆಂಪು ಹಿಂದೀಪದ ಬಲ್ಬೂ ಇದ್ದು, ಎರಡಕ್ಕೂ ಸಮಾನವಾದ ಭೂಸಂಪರ್ಕವು ತುಕ್ಕಿನಿಂದ ಕಡಿದುಹೋಗಿದೆಯೆಂದು ಭಾವಿಸೋಣ. ಇಂಡಿಕೇಟರಿನ ತಂತುವನ್ನು ದಾಟಿ ಗೂಡಿಗೆ ಬಂದ ಪ್ರವಾಹವು, ಕಾಲುವೆಯ ಬಾಯಿ ಹೂಳಿನಿಂದ ಮುಚ್ಚಿದಾಗ ನೀರು ಪಕ್ಕದ ಗದ್ದೆಗೆ ಹೊರಳುವ ಹಾಗೆ, ಹಿಂದೀಪದ ತಂತುವಿನೊಳಕ್ಕೆ ಹಿಮ್ಮುಖವಾಗಿ ಹೊಕ್ಕು, ಅದರ ಕೆಂಪು ತಂತಿಯನ್ನು ಹಿಡಿದು ಎದುರು ಪಕ್ಕದ ಹಿಂದೀಪವನ್ನೂ ನಂಬರ್ ಪ್ಲೇಟಿನ ದೀಪವನ್ನೂ ಸೇರಿ, ಅಲ್ಲಿ ನೆಲ ಕಂಡುಕೊಳ್ಳುತ್ತದೆ. ಪರಿಣಾಮವಾಗಿ ಬೆಳಗಬೇಕಾದ ಇಂಡಿಕೇಟರು ಕತ್ತಲಾಗಿ ಉಳಿದು, ಯಾರೂ ಹಾಕದ ಕೆಂಪು ದೀಪಗಳು ಮಂಕಾಗಿ ಬೆಳಗುತ್ತವೆ. ಇದನ್ನು ಕಂಡು ತಂತಿಗಳೆಲ್ಲ ಒಳಗೊಳಗೇ ಬೆರೆತುಹೋಗಿವೆಯೆಂದು ಹೆದರಿ ವೈರಿಂಗನ್ನೇ ಬಿಚ್ಚಿಹಾಕಿದವರುಂಟು. ಅನುಭವಿಯಾದ ಮೆಕ್ಯಾನಿಕ್ಕನು ಮಾತ್ರ ‘ಅರ್ಥ್ ಹೋಗಿದೆ’ ಎಂದು ಎರಡೇ ಮಾತಿನಲ್ಲಿ ರೋಗನಿದಾನ ಮಾಡಿ, ಸ್ಕ್ರೂ ಬಿಚ್ಚಿ, ಉಕ್ಕು ಹೊಳೆಯುವವರೆಗೆ ಉಜ್ಜುಕಾಗದದಿಂದ ತಿಕ್ಕುತ್ತಾನೆ.

ಪೂರ್ಣವಾಗಿ ಕಡಿದ ದಾರಿಗಿಂತ ಅರ್ಧ ಕಡಿದ ದಾರಿ ಹೆಚ್ಚು ಕಪಟಿ. ಬೆಳಗುತ್ತಿರುವ 21 ವಾಟಿನ ಬಲ್ಬಿನ ನಿರೋಧ 7 ಓಮಿಗೆ ತುಸು ಕಡಿಮೆ; ತುಕ್ಕು ಹಿಡಿದ ಸಂಧಿಯಲ್ಲಿ ಒಂದೇ ಒಂದು ಓಮ್ ಹೆಚ್ಚಾದರೂ ಬಲ್ಬಿಗೆ 12ರ ಬದಲು ಸುಮಾರು ಹತ್ತೂವರೆ ವೋಲ್ಟ್ ಮಾತ್ರ ಉಳಿಯುತ್ತದೆ. ತಂತುದೀಪದ ಬೆಳಕು ವೋಲ್ಟಿಗೆ ಸಮನಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹು ವೇಗವಾಗಿ ಇಳಿಯುತ್ತದೆ. ಎಂಟನೆಯ ಒಂದು ಪಾಲು ವೋಲ್ಟ್ ಹೋದರೆ ಬೆಳಕಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಹೋಗುತ್ತದೆ. ಈ ದೋಷವನ್ನು ದೀಪ ಆರಿಸಿ ಅಳೆದರೆ ಸಿಕ್ಕುವುದು ಕಷ್ಟ, ಏಕೆಂದರೆ ಹರಿದ ತಂತಿಯ ಒಂದೇ ಎಳೆ ಉಳಿದಿದ್ದರೂ ಓಮ್ ಮಾಪಕವು ಸಂಪರ್ಕ ಸರಿಯಿದೆಯೆಂದು ಹೇಳಿಬಿಡುತ್ತದೆ. ದೀಪ ಬೆಳಗುತ್ತಿರುವಾಗಲೇ ಮಲ್ಟಿಮೀಟರಿನ ಒಂದು ಮೊನೆಯನ್ನು ಬಲ್ಬಿನ ಹೋಲ್ಡರಿಗೂ ಇನ್ನೊಂದನ್ನು ಬ್ಯಾಟರಿಯ ಭೂಸಂಪರ್ಕದ ಕೊನೆಗೂ ಮುಟ್ಟಿಸಿ ನೋಡಬೇಕು. ಅಲ್ಲಿ ಸೊನ್ನೆಯ ಸಮೀಪದ ಅಂಕೆ ಬಂದರೆ ದಾರಿ ಸುಗಮ. ಅರ್ಧ ವೋಲ್ಟೋ ಒಂದು ವೋಲ್ಟೋ ಕಂಡರೆ ಅಷ್ಟನ್ನೂ ತುಕ್ಕು ತಿನ್ನುತ್ತಿದೆ.

ಸ್ವಿಚ್ಚಿನ ಸಂಪರ್ಕಗಳು ಕಪ್ಪಾಗುವುದು, ತಂತಿಗಳನ್ನು ಕೂಡಿಸುವ ಬುಲೆಟ್ ಕನೆಕ್ಟರುಗಳ ಒಳಗೋಡೆ ಹಸಿರುಗಟ್ಟುವುದು ಮುಂತಾದವು ಇದೇ ಮಾಪನದಿಂದಲೇ ಬಯಲಾಗುವುದರಿಂದ ಅವುಗಳನ್ನು ವಿಸ್ತರಿಸುವ ಅಗತ್ಯವಿಲ್ಲ. ಆದರೆ ಹೊಸಗಾಲದ ಎರಡು ಸೇರ್ಪಡೆಗಳ ಬಗ್ಗೆ ಎಚ್ಚರ ಹೇಳಲೇಬೇಕು. ಎಲ್‌ಇಡಿ ಬಲ್ಬುಗಳು ಎಳೆಯುವ ಪ್ರವಾಹ ತೀರ ಕಡಿಮೆಯಾದುದರಿಂದ, ಉಷ್ಣದಿಂದ ನಡೆಯುವ ಹಳೆಯ ಫ್ಲ್ಯಾಷರು ಅವುಗಳೊಡನೆ ಸರಿಯಾಗಿ ಮಿನುಗುವುದಿಲ್ಲ. ಇದಕ್ಕೆ ಪರಿಹಾರವೆಂದು ಎಲೆಕ್ಟ್ರಾನಿಕ್ ಫ್ಲ್ಯಾಷರನ್ನು ತರುವವರು ತಮ್ಮ ಕಾರಿನ ಬ್ಯಾಟರಿಯ ಯಾವ ಧ್ರುವ ಮೈಗೆ ಕೂಡಿದೆಯೆಂಬುದನ್ನು ನೋಡಿಕೊಳ್ಳಬೇಕು. ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಅದು ಧನಧ್ರುವ. ಬಲ್ಬಿಗೂ ಕಾಯುವ ತಂತಿಗೂ ಪ್ರವಾಹ ಯಾವ ಕಡೆಯಿಂದ ಬಂದರೂ ಒಂದೇ. ಎಲೆಕ್ಟ್ರಾನಿಕ್ ಉಪಕರಣಕ್ಕೆ ಅದು ಜೀವನ್ಮರಣದ ಪ್ರಶ್ನೆ.

ಹಳೆಯ ಕಾರಿನ ಒಡೆಯರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಪ್ರತಿಯೊಂದು ದೀಪದ ಗೂಡಿನಿಂದಲೂ ಒಂದು ಕಪ್ಪು ತಂತಿಯನ್ನು ಎಳೆದು ಶುಭ್ರಗೊಳಿಸಿದ ಉಕ್ಕಿಗೆ ಬಿಗಿಯಾಗಿ ಕೂಡಿಸಿ, ಸಂಧಿಗೆ ಗ್ರೀಸ್ ಸವರಿರಿ, ಆಮೇಲೂ ದೀಪ ಮಿನುಗದಿದ್ದರೆ ಮಾತ್ರ ಹೊಸ ಫ್ಲ್ಯಾಷರಿಗಾಗಿ ಅಂಗಡಿಗೆ ಹೋಗಿರಿ.