ಹೆಸರುಗಳ ಕಣಜ ‘ಒನೊಮಾಸ್ಟಿಕಾನ್’

ಪದಗಳ ಅರ್ಥ ಹೇಳುವ ಗ್ರಂಥಕ್ಕೆ ನಿಘಂಟು ಎನ್ನುತ್ತೇವೆ. ಹೆಸರುಗಳನ್ನೇ ಕಲೆಹಾಕಿದ ಗ್ರಂಥಕ್ಕೆ ಗ್ರೀಕರಲ್ಲಿ ಬೇರೊಂದು ಮಾತಿತ್ತು: ‘ಒನೊಮಾಸ್ಟಿಕಾನ್’. ‘ಒನೊಮ’ ಎಂದರೆ ಹೆಸರು. ಅದರಿಂದ ಹುಟ್ಟಿದ ಈ ಮಾತಿಗೆ ‘ಹೆಸರುಗಳಿಗೆ ಸಂಬಂಧಿಸಿದ ಪುಸ್ತಕ’ ಎಂದು ಅರ್ಥ.

ಈ ಹೆಸರಿನ ಪ್ರಸಿದ್ಧ ಕೃತಿಯನ್ನು ರಚಿಸಿದವನು ಕ್ರಿ.ಶ. 2ನೇ ಶತಮಾನದ ಜೂಲಿಯಸ್ ಪೊಲಕ್ಸ್. ಈಜಿಪ್ಟಿನ ನೌಕ್ರಾಟಿಸ್ ಪಟ್ಟಣದವನು. ಅವನ 10 ಭಾಗಗಳ ಗ್ರಂಥದಲ್ಲಿ ಪದಗಳು ಅಕ್ಷರಗಳ ಕ್ರಮದಲ್ಲಿಲ್ಲ, ವಿಷಯವಾರು ಕೂಡಿವೆ. ರಂಗಭೂಮಿಯ ಭಾಗದಲ್ಲಿ ಹಾಸ್ಯನಾಟಕದ 44 ಮುಖವಾಡಗಳ ವಿವರವಿದೆ. ಗ್ರೀಕ್ ನಾಟಕದ ವೇಷಗಳನ್ನು ಅರಿಯಲು ವಿದ್ವಾಂಸರು ಇಂದಿಗೂ ಈ ಪಟ್ಟಿಯ ಮೊರೆಹೋಗುತ್ತಾರೆ.

4ನೇ ಶತಮಾನದಲ್ಲಿ ಸಿಸೇರಿಯದ ಬಿಷಪ್ ಯೂಸೀಬಿಯಸ್ ಬೈಬಲಿನ ಸ್ಥಳನಾಮಗಳ ಕೋಶ ಸಿದ್ಧಪಡಿಸಿದ. ಅದಕ್ಕೂ ಒನೊಮಾಸ್ಟಿಕಾನ್ ಎಂದೇ ಹೆಸರು. ಅನೇಕ ಊರುಗಳಿಗೆ, ಅವು ಪಕ್ಕದ ಪಟ್ಟಣದಿಂದ ಎಷ್ಟು ಮೈಲಿ ದೂರ ಎಂಬುದನ್ನು ಆತ ಬರೆದಿಟ್ಟ. ಮಣ್ಣಾದ ಊರುಗಳ ಜಾಗ ಗುರುತಿಸಲು ಸಂಶೋಧಕರಿಗೆ ನೆರವಾದದ್ದು ಈ ಲೆಕ್ಕವೇ.

ಆಧುನಿಕ ವಿದ್ವಾಂಸರು ಇದೇ ಪದವನ್ನು ಇನ್ನೂ ಹಳೆಯ ಪಟ್ಟಿಗಳಿಗೂ ಬಳಸಿದರು. ಈಜಿಪ್ಟಿನ ಅಮೆನೊಪೆಯ ಪಟ್ಟಿ ಸುಮಾರು ಕ್ರಿ.ಪೂ. 1100ರದು. ಆಕಾಶದಿಂದ ಆರಂಭವಾಗಿ ನೀರು, ಭೂಮಿ, ಜನ, ಪಟ್ಟಣಗಳವರೆಗೆ ಸಾಗುತ್ತದೆ. ಅರ್ಥವಿವರಣೆ ಇಲ್ಲ. 1947ರಲ್ಲಿ ಅದನ್ನು ಪ್ರಕಟಿಸಿದ ಅಲನ್ ಗಾರ್ಡಿನರ್ ಅವರಂಥವರಿಗೆ ಕೆಲವು ಪದಗಳ ಸುಳಿವು ಸಿಕ್ಕಿದ್ದು ಅಕ್ಕಪಕ್ಕದ ಪದಗಳಿಂದ.

ಈ ಕ್ರಮ ನಮಗೂ ಹೊಸದಲ್ಲ. ಅಮರಕೋಶದ ನಿಜವಾದ ಹೆಸರು ‘ನಾಮಲಿಂಗಾನುಶಾಸನ’. ಅದೂ ಸ್ವರ್ಗವರ್ಗದಿಂದ ಆರಂಭವಾಗುತ್ತದೆ. ಪದಗಳು ವರ್ಗವರ್ಗವಾಗಿ ಕೂಡಿವೆ.

ಇಂಥ ಕೋಶಗಳ ಬೆಲೆ ಇರುವುದು ಇಲ್ಲಿಯೇ. ಒಂಟಿ ಹೆಸರು ಬಳಕೆ ತಪ್ಪಿದರೆ ಅರ್ಥವನ್ನೂ ಕಳೆದುಕೊಳ್ಳುತ್ತದೆ. ನೆರೆಹೊರೆಯೊಂದಿಗೆ ಉಳಿದ ಹೆಸರು ತನ್ನ ಲೋಕವನ್ನೂ ಉಳಿಸಿಕೊಳ್ಳುತ್ತದೆ. ನಮ್ಮ ಕೆರೆಗಳನ್ನೇ ನೋಡಿ. ಏರಿ, ಕೋಡಿ, ತೂಬು, ನೀರುಗಂಟಿ ಎಂಬ ಮಾತುಗಳು ಅಕಾರಾದಿಯ ನಿಘಂಟಿನಲ್ಲಿ ದಿಕ್ಕಾಪಾಲಾಗುತ್ತವೆ. ಒಂದೇ ಕಡೆ ಬರೆದಿಟ್ಟರೆ, ಕೆರೆಯನ್ನೇ ಕಾಣದ ಮಗುವಿಗೂ ನೀರು ಎಲ್ಲಿ ನಿಲ್ಲುತ್ತಿತ್ತು, ಎಲ್ಲಿ ಹರಿಯುತ್ತಿತ್ತು, ಅದನ್ನು ಗದ್ದೆಗೆ ಬಿಡುತ್ತಿದ್ದವರು ಯಾರು ಎಂಬುದು ತಿಳಿದೀತು.