ಲೂಕಾನ ಕೊಟ್ಟಿದ್ದು ಯಾರು? ಡಲ್ಲಾಸ್ ಅಭಿಮಾನಿಗಳ ಒಂಬತ್ತು ತಿಂಗಳ ಸಿಟ್ಟಿನ ಕಥೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಬ್ಯಾಸ್ಕೆಟ್‌ಬಾಲ್ ವಿಷಯ. ಎನ್‌ಬಿಎ ನೋಡದವರು ದಯವಿಟ್ಟು ಸ್ಕಿಪ್ ಮಾಡಬೇಡಿ. ಇದು ಆಟಕ್ಕಿಂತ ಹೆಚ್ಚಾಗಿ, ನಾವು ಜೀವ ಕೊಟ್ಟು ಪ್ರೀತಿಸೋ ತಂಡ ನಿಜವಾಗ್ಲೂ ಯಾರದ್ದು ಅನ್ನೋ ಪ್ರಶ್ನೆ.

2025ರ ಫೆಬ್ರುವರಿ 2, ಭಾನುವಾರ. ನಮ್ಮಲ್ಲಿ ಬೆಳಿಗ್ಗೆ ಸುಮಾರು ಹತ್ತೂ ಮುಕ್ಕಾಲು. ತಿಂಡಿ ಮುಗಿಸಿ ಫೋನ್ ನೋಡ್ತಾ ಕೂತಿದ್ದೆ. ಇಎಸ್‌ಪಿಎನ್ ವರದಿಗಾರ ಶಾಮ್ಸ್ ಚರಾನಿಯಾ ಒಂದು ಪೋಸ್ಟ್ ಹಾಕಿದ್ರು. ಡಲ್ಲಾಸ್ ಮ್ಯಾವರಿಕ್ಸ್ ತಂಡ ಲೂಕಾ ಡಾಂಚಿಚ್‌ನ ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಡ್ತಿದೆ, ಬದಲಿಗೆ ಆಂಥನಿ ಡೇವಿಸ್ ಬರ್ತಾರೆ ಅಂತ. ಅವರ ಅಕೌಂಟ್ ಯಾರೋ ಹ್ಯಾಕ್ ಮಾಡಿದ್ದಾರೆ ಅಂದ್ಕೊಂಡೆ. ನಾನೊಬ್ಬನೇ ಅಲ್ಲ, ಪ್ರಪಂಚವೇ ಹಾಗೆ ಅಂದ್ಕೊಳ್ತು. ಕೊನೆಗೆ ಅವರೇ ಇನ್ನೊಂದು ಪೋಸ್ಟ್ ಹಾಕಿ, ಇದು ನಿಜ ಅಂತ ಹೇಳಬೇಕಾಯ್ತು.

ಯಾಕಷ್ಟು ಆಶ್ಚರ್ಯ? ಲೂಕಾಗೆ ಆಗ 25 ವರ್ಷ. ಐದು ಸಲ ಲೀಗ್‌ನ ಮೊದಲ ಐವರ ತಂಡಕ್ಕೆ, ಅಂದ್ರೆ ಆಲ್ ಎನ್‌ಬಿಎ ಫಸ್ಟ್ ಟೀಮ್‌ಗೆ, ಆಯ್ಕೆಯಾಗಿದ್ದ ಹುಡುಗ. ಎಂಟು ತಿಂಗಳ ಹಿಂದಷ್ಟೇ, 2024ರ ಜೂನ್‌ನಲ್ಲಿ, ತಂಡವನ್ನ ಫೈನಲ್‌ಗೆ ಕರ್ಕೊಂಡು ಹೋಗಿದ್ದ. ಅಂಥವನನ್ನ ಯಾರೂ ಬಿಟ್ಟುಕೊಡಲ್ಲ.

ಫ್ರಂಟ್ ಆಫೀಸ್ ಅಂದ್ರೆ ಏನು?

ಒಂದು ಸಿನಿಮಾ ಅಂತ ಅಂದ್ಕೊಳ್ಳಿ. ದುಡ್ಡು ಹಾಕೋರು ನಿರ್ಮಾಪಕರು, ಇಲ್ಲಿ ಅವರು ತಂಡದ ಮಾಲೀಕರು. ಸೆಟ್‌ನಲ್ಲಿ ನಿಂತು ಕೆಲಸ ತೆಗೆಸೋರು ನಿರ್ದೇಶಕರು, ಇಲ್ಲಿ ಕೋಚ್. ಇವರಿಬ್ಬರ ನಡುವೆ, ಯಾವ ಪಾತ್ರಕ್ಕೆ ಯಾರು, ಯಾರಿಗೆ ಎಷ್ಟು ಸಂಭಾವನೆ, ಯಾರನ್ನ ಬಿಡೋದು ಅಂತ ತೀರ್ಮಾನ ಮಾಡೋರು ಜನರಲ್ ಮ್ಯಾನೇಜರ್ ಮತ್ತು ಅವರ ಸಿಬ್ಬಂದಿ. ಅದೇ ಫ್ರಂಟ್ ಆಫೀಸ್.

ಡಲ್ಲಾಸ್‌ನಲ್ಲಿ ಈ ಕುರ್ಚಿಯಲ್ಲಿ ಇದ್ದವರು ನಿಕೋ ಹ್ಯಾರಿಸನ್. ನೈಕಿ ಕಂಪನಿಯಲ್ಲಿ ಬಹಳ ವರ್ಷ ಕೆಲಸ ಮಾಡಿ, 2021ರಲ್ಲಿ ಇಲ್ಲಿಗೆ ಬಂದವರು. ಮಾಲೀಕತ್ವ ಕೂಡ ಬದಲಾಗಿತ್ತು. 2000ರಿಂದ ಮಾಲೀಕರಾಗಿದ್ದ ಮಾರ್ಕ್ ಕ್ಯೂಬನ್ ಅಭಿಮಾನಿಗಳ ಜೊತೆ ತಾವೂ ಕೂಗ್ತಾ ಕೂರ್ತಿದ್ದ ಮನುಷ್ಯ. 2023ರ ಡಿಸೆಂಬರ್‌ನಲ್ಲಿ ಅವರು ಹೆಚ್ಚಿನ ಪಾಲನ್ನ ಕ್ಯಾಸಿನೋ ಉದ್ಯಮದ ಮಿರಿಯಂ ಅಡೆಲ್ಸನ್ ಕುಟುಂಬಕ್ಕೆ ಮಾರಿದ್ರು. ಆ ಕುಟುಂಬದ ಅಳಿಯ ಪ್ಯಾಟ್ರಿಕ್ ಡುಮಾಂಟ್ ತಂಡದ ಉಸ್ತುವಾರಿ ವಹಿಸಿಕೊಂಡ್ರು. ಆಟದ ವಿಷಯ ನನ್ನ ಕೈಯಲ್ಲೇ ಇರುತ್ತೆ ಅಂತ ಕ್ಯೂಬನ್ ಆಗ ಹೇಳಿದ್ರು. ಹಾಗಾಗಲಿಲ್ಲ. ಲೂಕಾ ವಿಷಯದಲ್ಲಿ ಅವರನ್ನ ಯಾರೂ ಕೇಳಲೇ ಇಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಎನ್‌ಬಿಎನಲ್ಲಿ ಟ್ರೇಡ್ ಮಾಡೋಕೆ ಆಟಗಾರನ ಒಪ್ಪಿಗೆ ಬೇಕಿಲ್ಲ. ನನ್ನನ್ನ ಕೇಳದೆ ಕಳಿಸಬಾರದು ಅನ್ನೋ ಷರತ್ತು ಒಪ್ಪಂದದಲ್ಲಿ ಇರೋರು ಬೆರಳೆಣಿಕೆಯಷ್ಟು ಜನ. ಲೂಕಾಗೆ ಅದಿರಲಿಲ್ಲ. ತಾನು ಊರು ಬಿಡ್ತಿದ್ದೀನಿ ಅನ್ನೋದು ಎಲ್ಲ ಮುಗಿದ ಮೇಲೆ ಗೊತ್ತಾಯ್ತು.

ಹ್ಯಾರಿಸನ್ ಲೆಕ್ಕಾಚಾರ

ಹ್ಯಾರಿಸನ್ ಕೊಟ್ಟ ಕಾರಣ ಒಂದೇ: ಚಾಂಪಿಯನ್ ಆಗೋಕೆ ಡಿಫೆನ್ಸ್ ಬೇಕು. ಡೇವಿಸ್ ಲೀಗ್‌ನ ಒಳ್ಳೆ ಡಿಫೆಂಡರ್‌ಗಳಲ್ಲಿ ಒಬ್ಬರು, ಲೂಕಾ ಅಲ್ಲ. ಅದು ಸುಳ್ಳಲ್ಲ. ಲೂಕಾನ ಫಿಟ್‌ನೆಸ್ ಬಗ್ಗೆ ಆಡಳಿತದವರಿಗೆ ಬೇಸರ ಇತ್ತು ಅಂತ ವರದಿಗಳು ಬಂದ್ವು. ಹಣದ ಲೆಕ್ಕವೂ ಇತ್ತು. ಆ ಬೇಸಿಗೆಯಲ್ಲಿ ಲೂಕಾಗೆ ಐದು ವರ್ಷಕ್ಕೆ ಸುಮಾರು 345 ದಶಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ 2,900 ಕೋಟಿ ರೂಪಾಯಿ ಆಸುಪಾಸಿನ ಒಪ್ಪಂದ ಕೊಡೋ ಅವಕಾಶ ಡಲ್ಲಾಸ್‌ಗಿತ್ತು.

ಹಾಗಾದ್ರೆ ಅಭಿಮಾನಿಗಳ ಸಿಟ್ಟು ಏನಕ್ಕೆ? ಮೂರು ಕಾರಣ ಕಾಣುತ್ತೆ. ಒಂದು, ವಯಸ್ಸು. ಡೇವಿಸ್‌ಗೆ ಆಗಲೇ 31, ಪದೇ ಪದೇ ಗಾಯ. ಎರಡು, ಗುಟ್ಟು. ಹ್ಯಾರಿಸನ್ ಬೇರೆ ತಂಡಗಳನ್ನ ಕೇಳಲೇ ಇಲ್ಲ, ಲೇಕರ್ಸ್ ಜೊತೆ ಮಾತ್ರ ಮಾತಾಡಿ ಮುಗಿಸಿದ್ರು. ಸೈಟ್ ಮಾರೋವಾಗ ನಾಲ್ಕು ಜನರ ಹತ್ರ ರೇಟ್ ಕೇಳಲ್ವಾ? ಡೇವಿಸ್ ಬಿಟ್ಟರೆ ಸಿಕ್ಕಿದ್ದು ಮ್ಯಾಕ್ಸ್ ಕ್ರಿಸ್ಟಿ ಮತ್ತು 2029ರ ಮೊದಲ ಸುತ್ತಿನ ಒಂದೇ ಒಂದು ಡ್ರಾಫ್ಟ್ ಆಯ್ಕೆ. ಮೂರು, ನಿಷ್ಠೆ. ಡಲ್ಲಾಸ್ ಅಂದ್ರೆ ಡರ್ಕ್ ನೊವಿಟ್ಸ್ಕಿ. 21 ಸೀಸನ್ ಒಂದೇ ತಂಡ, 2011ರಲ್ಲಿ ಕಪ್. ಕ್ರೀಡಾಂಗಣದ ಹೊರಗೆ ಅವರ ಪ್ರತಿಮೆ ಇದೆ, ಅದರ ಕೆಳಗೆ ನಿಷ್ಠೆ ಎಂದೂ ಮಾಸಲ್ಲ ಅನ್ನೋ ಅರ್ಥದ ಮಾತಿದೆ. ಡರ್ಕ್ ನಂತರ ಲೂಕಾ ಅಂತ ಊರೇ ನಂಬಿತ್ತು.

ಅದಕ್ಕೇ ಟ್ರೇಡ್ ಆದ ಮೇಲೆ ಅಭಿಮಾನಿಗಳು ಶವಪೆಟ್ಟಿಗೆ ಹೊತ್ತು ತಂದು ಇಟ್ಟಿದ್ದು ಆ ಪ್ರತಿಮೆ ಹತ್ರ. ನಮ್ಮೂರಲ್ಲಿ ಪ್ರತಿಕೃತಿ ದಹನ ಮಾಡಿದ ಹಾಗೆ.

ನಮಗಿದು ಹೊಸದಾ?

ಆರ್‌ಸಿಬಿ ಅಭಿಮಾನಿಗಳಿಗೆ ಈ ನೋವು ಸ್ವಲ್ಪ ಗೊತ್ತು. ತಂಡಕ್ಕೆ ಅತಿ ಹೆಚ್ಚು ವಿಕೆಟ್ ತೆಗೆದುಕೊಟ್ಟ ಯುಜುವೇಂದ್ರ ಚಹಲ್‌ನ 2022ರ ಹರಾಜಿಗೆ ಮುಂಚೆ ಉಳಿಸಿಕೊಳ್ಳಲಿಲ್ಲ. ಅದೇ ವರ್ಷ ರಾಜಸ್ಥಾನಕ್ಕೆ ಆಡಿ ಪರ್ಪಲ್ ಕ್ಯಾಪ್ ತಗೊಂಡ್ರು. ನಾವು ಹೊಟ್ಟೆ ಉರ್ಕೊಂಡ್ವಿ. ಆದ್ರೆ ಒಂದು ವ್ಯತ್ಯಾಸ ಇದೆ. ಐಪಿಎಲ್‌ನಲ್ಲಿ ಮೆಗಾ ಹರಾಜು ಬಂದಾಗ ತಂಡಗಳು ಚದುರೋದು ನಿಯಮದಲ್ಲೇ ಇದೆ. ಎನ್‌ಬಿಎನಲ್ಲಿ ಒಬ್ಬ ಸ್ಟಾರ್‌ನ ಸುತ್ತ ಹತ್ತು ಹದಿನೈದು ವರ್ಷ ತಂಡ ಕಟ್ಟೋದೇ ರೂಢಿ. ಹಾಗಾಗಿ ಪೆಟ್ಟು ಇನ್ನೂ ಜೋರು.

ನಾನು ಡಲ್ಲಾಸ್ ಹಿಂದೆ ಬಿದ್ದಿದ್ದಕ್ಕೂ ಒಂದು ಕಾರಣ ಇದೆ. 2015ರಲ್ಲಿ ಪಂಜಾಬ್‌ನ ಸತ್ನಾಮ್ ಸಿಂಗ್‌ನ 52ನೇ ಆಯ್ಕೆಯಾಗಿ ತಗೊಂಡಿದ್ದು ಇದೇ ತಂಡ. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ ಅವರು. ಎನ್‌ಬಿಎ ಪಂದ್ಯ ಆಡೋ ಅವಕಾಶ ಅವರಿಗೆ ಸಿಗಲಿಲ್ಲ, ಆದ್ರೆ ನನಗೆ ತಂಡ ಸಿಕ್ತು.

ಕೂಗು ನಿಲ್ಲಲೇ ಇಲ್ಲ

ಮುಂದಿನದ್ದು ಕೆಟ್ಟ ಸೀರಿಯಲ್ ಥರ. ಫೆಬ್ರುವರಿ 8ಕ್ಕೆ ಡೇವಿಸ್ ಮೊದಲ ಪಂದ್ಯ. 26 ಪಾಯಿಂಟ್, 16 ರಿಬೌಂಡ್. ಅಬ್ಬಾ ಅನ್ನುವಷ್ಟರಲ್ಲಿ ಅದೇ ಪಂದ್ಯದಲ್ಲಿ ಗಾಯ. ಮಾರ್ಚ್ 3ಕ್ಕೆ ಕೈರಿ ಅರ್ವಿಂಗ್ ಮಂಡಿಯ ಎಸಿಎಲ್ ಹರಿದುಕೊಂಡ್ರು. ನಿಕೋನ ತೆಗೀರಿ ಅನ್ನೋ ಕೂಗು ಪ್ರತಿ ಪಂದ್ಯದ ಹಿನ್ನೆಲೆ ಸಂಗೀತ ಆಯ್ತು. ಕೂಗಿದ ಕೆಲವರನ್ನ ಕ್ರೀಡಾಂಗಣದಿಂದ ಹೊರಗೆ ಕಳಿಸಿದ್ರು, ಕೂಗು ಇನ್ನೂ ಜೋರಾಯ್ತು.

ಏಪ್ರಿಲ್ 9ಕ್ಕೆ ಲೂಕಾ ಲೇಕರ್ಸ್ ಜರ್ಸಿ ಹಾಕ್ಕೊಂಡು ಡಲ್ಲಾಸ್‌ಗೆ ಬಂದ. ಅವನ ಬಗ್ಗೆ ಮಾಡಿದ ವಿಡಿಯೋ ತೋರಿಸಿದಾಗ ಬೆಂಚ್ ಮೇಲೆ ಕೂತು ಅತ್ತ. ಆಮೇಲೆ ಎದ್ದು 45 ಪಾಯಿಂಟ್ ಹೊಡೆದ. ಎದುರಾಳಿ ಬಾಸ್ಕೆಟ್ ಹಾಕಿದ್ರೆ ತವರಿನ ಜನ ಚಪ್ಪಾಳೆ ತಟ್ಟಿದ್ದನ್ನ ನಾನು ಆವತ್ತೇ ನೋಡಿದ್ದು.

ಸೀಸನ್ 39 ಗೆಲುವು, 43 ಸೋಲಿಗೆ ಮುಗೀತು. ಮೇ ತಿಂಗಳ ಡ್ರಾಫ್ಟ್ ಲಾಟರಿಯಲ್ಲಿ ಡಲ್ಲಾಸ್‌ಗೆ ಮೊದಲ ಸ್ಥಾನ ಬರೋ ಸಾಧ್ಯತೆ 1.8 ಶೇಕಡಾ, ಅಂದ್ರೆ ಸಾವಿರಕ್ಕೆ 18. ಬಂದೇ ಬಿಡ್ತು! ಕೂಪರ್ ಫ್ಲಾಗ್ ಸಿಕ್ಕಿದ. ಇದೆಲ್ಲ ಮೊದಲೇ ಫಿಕ್ಸ್ ಅಂತ ಕೆಲವರು, ತಂಡವನ್ನ ಲಾಸ್ ವೇಗಸ್‌ಗೆ ಸಾಗಿಸ್ತಾರೆ ಅಂತ ಇನ್ನು ಕೆಲವರು. ಯಾವುದಕ್ಕೂ ಪುರಾವೆ ಇಲ್ಲ. ಆದ್ರೆ ಆಡಳಿತ ಬಾಯಿ ಬಿಟ್ಟು ವಿವರ ಹೇಳದಿದ್ರೆ, ಖಾಲಿ ಜಾಗವನ್ನ ಗಾಳಿಸುದ್ದಿ ತುಂಬುತ್ತೆ.

ಹೊಸ ಸೀಸನ್‌ನ ಮೊದಲ 11 ಪಂದ್ಯಗಳಲ್ಲಿ ಎಂಟು ಸೋಲು. ನವೆಂಬರ್ 10ಕ್ಕೆ ಮಿಲ್ವಾಕಿ ಎದುರು ಎರಡು ಪಾಯಿಂಟ್‌ನಿಂದ ಸೋತ ರಾತ್ರಿ, ಡುಮಾಂಟ್ ಅಂಕಣದ ಪಕ್ಕದಲ್ಲೇ ಕೂತಿದ್ರು. ಲೂಕಾನ ಲೇಕರ್ಸ್ ಜರ್ಸಿ ಹಾಕಿದ್ದ ಒಬ್ಬ ಹದಿಹರೆಯದ ಅಭಿಮಾನಿ ಅವರ ಜೊತೆ ಮಾತಾಡಿದ. ಆ ಟ್ರೇಡ್ ಬಗ್ಗೆ ಡುಮಾಂಟ್ ಬೇಸರ ತೋಡಿಕೊಂಡ್ರು ಅಂತ ಹುಡುಗ ಆಮೇಲೆ ವರದಿಗಾರರಿಗೆ ಹೇಳಿದ. ಮಾರನೇ ದಿನ, ನವೆಂಬರ್ 11ಕ್ಕೆ, ಹ್ಯಾರಿಸನ್ ಕೆಲಸ ಹೋಯ್ತು.

ಹಾಗಾದ್ರೆ ಅಭಿಮಾನಿಗಳು ಗೆದ್ರಾ?

ಇದನ್ನ ತುಂಬಾ ಯೋಚಿಸಿದೆ. ತಂಡ ಗೆಲ್ತಾ ಇದ್ದಿದ್ರೆ ಈ ಕೂಗಿಗೆ ಯಾರೂ ಕಿವಿ ಕೊಡ್ತಿರಲಿಲ್ಲ. ಸೋಲು, ಗಾಯ, ಕೂಗು ಮೂರೂ ಸೇರಿದಾಗಲೇ ಕುರ್ಚಿ ಅಲ್ಲಾಡಿದ್ದು. ಸಹಿ ಹಾಕಿದ್ದು ಹ್ಯಾರಿಸನ್ ಇರಬಹುದು, ಆದ್ರೆ ಒಪ್ಪಿಗೆ ಕೊಟ್ಟ ಮಾಲೀಕರು ಇವತ್ತೂ ಮಾಲೀಕರೇ. ಲೂಕಾ ಅಂತೂ ವಾಪಸ್ ಬರಲ್ಲ, 2025ರ ಆಗಸ್ಟ್‌ನಲ್ಲಿ ಲೇಕರ್ಸ್ ಜೊತೆ ಹೊಸ ಒಪ್ಪಂದ ಮಾಡ್ಕೊಂಡಾಯ್ತು.

ಬೆಲೆ ತೆತ್ತಿದ್ದು ಯಾರು ಅಂತಲೂ ನೋಡಿ. ಡೇವಿಸ್ ಯಾವ ತಪ್ಪೂ ಮಾಡಿರಲಿಲ್ಲ. 18 ವರ್ಷದ ಫ್ಲಾಗ್ ಅಂತೂ ಆ ಟ್ರೇಡ್ ಆದಾಗ ಕಾಲೇಜಿನಲ್ಲಿದ್ದ. ಇಬ್ಬರೂ ಬೇರೆಯವರ ಮೇಲಿನ ಸಿಟ್ಟಿನ ನಡುವೆ ಆಡಬೇಕಾಯ್ತು. ನಾನೂ ಆ ಸಿಟ್ಟಿನ ಭಾಗವಾಗಿದ್ದೆ. ಡೇವಿಸ್‌ಗೆ ಗಾಯ ಆದಾಗ, ನೋಡಿದ್ರಾ, ನಾವು ಹೇಳಿರಲಿಲ್ವಾ ಅಂತ ಗ್ರೂಪ್‌ನಲ್ಲಿ ಮೆಸೇಜ್ ಹಾಕಿದ್ದೆ. ಒಬ್ಬ ಮನುಷ್ಯ ನೋವಲ್ಲಿ ಇದ್ದಾಗ ನನಗೆ ಒಂಥರ ಸಮಾಧಾನ ಆಗಿತ್ತು. ಅದು ನನಗೆ ಈಗ ಸರಿ ಅನ್ಸಲ್ಲ.

ತಂಡದಲ್ಲಿ ನಮಗೆ ದನಿ ಇದೆ, ಮತ ಇಲ್ಲ. ಆ ದನಿ ಯಾರ ಕಡೆ ಹೋಗಬೇಕು ಅನ್ನೋದು ಮಾತ್ರ ನಮ್ಮ ಕೈಯಲ್ಲಿದೆ. ಮುಂದಿನ ಸಲ ನಿಮ್ಮ ತಂಡ ನಿಮಗಿಷ್ಟದ ಆಟಗಾರನ್ನ ಕಳಿಸಿದಾಗ ಬೈಯೋದಿದ್ರೆ ಬೈರಿ. ಆದ್ರೆ ಅವನ ಜಾಗಕ್ಕೆ ಬಂದವನಿಗೆ ಅಲ್ಲ.

ನಿಮ್ಮ ಪ್ರೀತಿಯ ಆಟಗಾರನ್ನ ತಂಡ ಕೈಬಿಟ್ಟ ದಿನ ನೀವೇನು ಮಾಡಿದ್ರಿ? ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.